ಹಸಿರು ದಾರದ ಹಣಿಗೆ

ಹೋದ ತಿಂಗಳು ಹುಬ್ಬಳ್ಳಿಯಲ್ಲಿ ಒಂದು ತರಬೇತಿ ಇತ್ತು. ಸರಕಾರಿ ತರಬೇತಿ ಎಂದರೆ ಗೊತ್ತಲ್ಲ, ಮಧ್ಯಾಹ್ನದ ಊಟವೇ ಅದರ ಮುಖ್ಯ ಭಾಗ. ಉಂಡು ಕೈ ತೊಳೆದವನೇ ಹಿಂದಿನ ಬಾಗಿಲಿನಿಂದ ಜಾಗ ಖಾಲಿ ಮಾಡಿ ಧಾರವಾಡದ ಬಸ್ ಹತ್ತಿದೆ. ಸುಮ್ಮನೆ ಒಂದು ಸುತ್ತು ಹಾಕಿ ಬರೋಣ ಅಂತ. ಮಾಳಮಡ್ಡಿಗೆ ಹೋಗುವ ವಿಚಾರ ನನಗಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ.

ರಾಯಾಪುರ ದಾಟುವಾಗ ಮುಂದಿನ ಸೀಟಿಗೆ ಒಬ್ಬ ಹೆಣ್ಣುಮಗಳು ಬಂದು ಕೂತಳು. ಕಿಟಕಿಯ ಗಾಳಿಗೆ ಅವಳ ತಲೆಯ ವಾಸನೆ ನನ್ನ ಮುಖಕ್ಕೆ ಬಡಿಯಿತು. ಮೆಂತ್ಯ, ಕರಿಬೇವು ಹಾಕಿ ಮನೆಯಲ್ಲೇ ಕಾಯಿಸಿದ ಕೊಬ್ಬರಿ ಎಣ್ಣೆ. ಒಂಬತ್ತು ವರ್ಷದ ಹಿಂದೆ ನನ್ನ ಮಗಳು ಸುಜಾತಾ ದಿನಾ ಬೆಳಿಗ್ಗೆ ಇದೇ ವಾಸನೆ ಹೊತ್ತುಕೊಂಡು ಶಾಲೆಗೆ ಹೋಗುತ್ತಿದ್ದಳು. ಎರಡು ಜಡೆ, ಮಡಚಿ ಕಟ್ಟಿದ ಕೆಂಪು ರಿಬ್ಬನ್ನು, ನಡುವೆ ಗೆರೆ ಎಳೆದ ಹಾಗೆ ನೆಟ್ಟಗಿನ ಬೈತಲೆ. ಆ ವಾಸನೆಯಿಂದ ತಪ್ಪಿಸಿಕೊಳ್ಳಲೆಂದು ಎದ್ದು ಹಿಂದಿನ ಸೀಟಿಗೆ ಹೋದೆ. ಅಲ್ಲಿಗೂ ಬಂತು.

ಆ ವರ್ಷದ ಜೂನಿನಲ್ಲಿ ನನ್ನ ಹೆಂಡತಿ ರೇಖಾಗೆ ಪ್ರಾಥಮಿಕ ಶಾಲೆಯ ಶಿಕ್ಷಕಿಯ ನೌಕರಿ ಸಿಕ್ಕಿತ್ತು. ಸಿಕ್ಕಿದ್ದು ಯಾದಗಿರಿಯ ಆಚೆ ಒಂದು ಹಳ್ಳಿಯಲ್ಲಿ. ನಾನು ಹುಬ್ಬಳ್ಳಿಯ ಕಚೇರಿಯೊಂದರಲ್ಲಿ ಗುಮಾಸ್ತ. ಅಲ್ಲಿ ರೇಖಾ ಇನ್ನಿಬ್ಬರು ಶಿಕ್ಷಕಿಯರ ಜೊತೆ ಒಂದೇ ಕೋಣೆಯಲ್ಲಿ ಇರಬೇಕಾಯಿತು, ಹೀಗಾಗಿ ಹತ್ತು ವರ್ಷದ ಸುಜಿ ನನ್ನ ಬಳಿ ಉಳಿದಳು. ನಾನು ಆ ಕಡೆ ವರ್ಗ ಕೇಳಿ ಅರ್ಜಿ ಹಾಕಿದೆ. ಅಲ್ಲಿಯವರೆಗೆ ಮಗಳ ಶಾಲೆಯ ಹತ್ತಿರ ಮನೆ ಇರಲಿ ಎಂದು ಧಾರವಾಡದ ಮಾಳಮಡ್ಡಿಯಲ್ಲಿ ಹುಡುಕಿದೆ.

ನಮ್ಮ ಕಡೆ ಮನೆ ಹುಡುಕುವುದೆಂದರೆ ಮೊದಲು ಹೆಸರು ಕೇಳುತ್ತಾರೆ, ಆಮೇಲೆ ಅಡ್ಡಹೆಸರು ಕೇಳುತ್ತಾರೆ. ಅಡ್ಡಹೆಸರು ಕೇಳಿದ ಮೇಲೆ ‘ಮನಿ ನಮ್ಮ ತಮ್ಮಗ ಬೇಕಾಗೇತ್ರಿ’ ಎನ್ನುತ್ತಾರೆ. ಐದು ಮನೆಗಳ ಐದು ತಮ್ಮಂದಿರು ಅದೇ ವಾರ ಊರಿಗೆ ಬರುವವರಿದ್ದರು. ನಾವು ಬೌದ್ಧರು. ನನ್ನಪ್ಪನ ಕಾಲದಲ್ಲಿ ಊರು ನಮ್ಮನ್ನು ಬೇರೆ ಹೆಸರಿನಿಂದ ಕರೆಯುತ್ತಿತ್ತು, ನಮ್ಮ ಕೇರಿ ಊರ ಹೊರಗಿತ್ತು. ಆರನೇ ಮನೆಯ ಮಾಲೀಕ ಪುಣೆಯಲ್ಲಿದ್ದ, ಫೋನಿನಲ್ಲೇ ಹೂಂ ಅಂದ. ಹಂಚಿನ ಮಾಡಿನ ಹಳೆಯ ಚಾಳ. ಒಂದೇ ಸಾಲಿನಲ್ಲಿ ಆರು ಮನೆ, ಎಲ್ಲಕ್ಕೂ ಸೇರಿ ಮುಂದೆ ಒಂದೇ ಉದ್ದನೆಯ ಕಟ್ಟೆ. ನಮ್ಮದು ಕೊನೆಯದು.

ಅಪ್ಪ ನನಗೆ ಬಿಟ್ಟು ಹೋದ ಆಸ್ತಿ ಒಂದೇ ಮಾತು. ‘ಯಾರ ಬಾಗಿಲ ಮುಂದೂ ನಿಂದರಬ್ಯಾಡ. ಯಾರ ಹಂಗೂ ಬ್ಯಾಡ.’ ಅದನ್ನು ನಾನು ಚಾಚೂ ತಪ್ಪದೆ ಪಾಲಿಸುತ್ತಿದ್ದೆ. ಚಾಳಿನವರು ಮಾತಾಡಿಸಿದರೆ ತಲೆ ಅಲ್ಲಾಡಿಸಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಅಡುಗೆ ಬರುತ್ತಿತ್ತು, ಬಟ್ಟೆ ಒಗೆಯುವುದು ಬರುತ್ತಿತ್ತು. ಜಡೆ ಹಾಕುವುದು ಮಾತ್ರ ಬರುತ್ತಿರಲಿಲ್ಲ. ಸುಜಿಯ ಕೂದಲು ಸೊಂಟ ಮುಟ್ಟುತ್ತಿದ್ದವು, ದಪ್ಪ, ಕಪ್ಪು, ಕೈಯಲ್ಲಿ ಹಿಡಿಯಲು ಬರುತ್ತಿರಲಿಲ್ಲ. ರೇಖಾ ಹೋದ ಮರುದಿನ ನಾನು ಅರ್ಧ ತಾಸು ಹೆಣಗಾಡಿ ಏನೋ ಒಂದು ಹೆಣೆದು ಹೊರಗೆ ಕಳಿಸಿದೆ. ಪಕ್ಕದ ಮನೆಯ ಶಾಂತಕ್ಕ ಕಟ್ಟೆಯ ಮೇಲೆ ಕೂತಿದ್ದಳು. ಐವತ್ತೈದರ ಹೆಂಗಸು, ಮದುವೆಯಾದವಳಲ್ಲ, ಸೀರೆಗಳಿಗೆ ಫಾಲ್ ಹಚ್ಚಿ ಬದುಕುವವಳು.

“ಏನ್ರೀ ಇದು?” ಎಂದು ಕೂಗಿದಳು. “ಜಡಿ ಹಾಕೀರೋ, ಎತ್ತಿಗೆ ಹಗ್ಗ ಹೊಸದೀರೋ?”

ನಾನು ಒಳಗಿನಿಂದಲೇ, “ಮಳಿ ಬರಾಕತ್ತೈತಿ, ಲಗೂ ಹೋಗ್ಲಿ ಬಿಡ್ರಿ” ಅಂದೆ.

“ಸಾಲಿಯೇನು ಓಡಿ ಹೊಕ್ಕೇತೇನು? ಬಾರವಾ ಇಲ್ಲೆ, ಕೂಡು. ಅಲುಗಾಡಬ್ಯಾಡ ಮತ್ತ, ಬೈತಲಿ ಸೊಟ್ಟ ಆಕ್ಕೇತಿ.”

ಸುಜಿ ಹೋಗಿ ಅವಳ ಮೊಣಕಾಲುಗಳ ನಡುವೆ ಕೂತೇಬಿಟ್ಟಳು. ಕೂದಲು ಬಿಚ್ಚಿ, ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಎರಡು ಜಡೆ ಬಿಗಿದು ಹತ್ತೇ ನಿಮಿಷದಲ್ಲಿ ಕಳಿಸಿದಳು. ಅವತ್ತಿನಿಂದ ದಿನಾ ಬೆಳಿಗ್ಗೆ ಎಂಟಕ್ಕೆ ಅದೇ ಆಯಿತು. ಆ ಹತ್ತು ನಿಮಿಷದಲ್ಲಿ ಇಬ್ಬರೂ ಹರಟೆ ಹೊಡೆಯುತ್ತಿದ್ದರು. ಶಾಂತಕ್ಕನ ತಾಯಿ ಬೇಗ ತೀರಿಹೋಗಿದ್ದರಿಂದ ಮೂವರು ತಂಗಿಯರನ್ನು ಅವಳೇ ಬೆಳೆಸಿ ಮದುವೆ ಮಾಡಿ ಕಳಿಸಿದ್ದು, ಸಣ್ಣವಳನ್ನು ಸುಳ್ಳ ಎಂಬ ಹಳ್ಳಿಗೆ ಕೊಟ್ಟದ್ದು, ಇವೆಲ್ಲ ನನಗೆ ತಿಳಿದದ್ದು ಗೋಡೆಯ ಈಚೆ ಅನ್ನಕ್ಕೆ ಇಡುತ್ತ ಕಿವಿಗೊಟ್ಟಾಗ. ನಾನು ಹೊರಗೆ ಬರುತ್ತಿರಲಿಲ್ಲ. ಬಂದರೆ ಮಾತಾಡಬೇಕು, ಮಾತಾಡಿದರೆ ಉಪಕಾರ ಒಪ್ಪಿಕೊಂಡ ಹಾಗೆ.

ಮಳೆ ಆ ವರ್ಷ ಜಿಟಿಜಿಟಿ ಹಿಡಿದು ಬಿಡಲೇ ಇಲ್ಲ. ಒಣಗದ ಸಮವಸ್ತ್ರ, ಮೆತ್ತಗಾದ ಗೋಡೆ. ರೇಖಾ ಊರಿಗೆ ಬರುತ್ತಿದ್ದದ್ದು ತಿಂಗಳಿಗೊಮ್ಮೆ. ಅವಳಿದ್ದ ಹಳ್ಳಿಯಲ್ಲಿ ಕೆರೆ ಏರಿಯ ಮೇಲೆ ನಿಂತರೆ ಮಾತ್ರ ಫೋನು ಹತ್ತುತ್ತಿತ್ತು. ಭಾನುವಾರ ಅವಳು ಏರಿ ಹತ್ತುವ ಹೊತ್ತಿಗೆ ನಾವಿಬ್ಬರೂ ಫೋನನ್ನು ಮಧ್ಯ ಇಟ್ಟುಕೊಂಡು ಕಾಯುತ್ತಿದ್ದೆವು. ಮಾತು ಮುಗಿದ ಮೇಲೆ ಮನೆ ಮತ್ತೂ ಬಣಗುಡುತ್ತಿತ್ತು. ಸುಜಿಯಾದರೂ ಕಟ್ಟೆಗೆ ಹೋಗಿ ಕೂಡುತ್ತಿದ್ದಳು. ನನಗೆ ಹೋಗಲು ಎಲ್ಲಿಯೂ ಇರಲಿಲ್ಲ. ಅಲ್ಲಿ ಅಷ್ಟು ಜನರ ನಡುವೆ ಇದ್ದು ನಾನು ಅನುಭವಿಸಿದ ಒಂಟಿತನ ಆಮೇಲೆ ಮತ್ತೆಂದೂ ಅನುಭವಿಸಿಲ್ಲ. ಅದನ್ನು ನಾನೇ ಕಟ್ಟಿಕೊಂಡಿದ್ದೆ ಎಂದು ಈಗ ಹೇಳಬಹುದು, ಆಗ ಹೇಳಿದ್ದರೆ ಜಗಳ ಆಡುತ್ತಿದ್ದೆ.

ಶ್ರಾವಣದಲ್ಲಿ ಸುಜಿಗೆ ಜ್ವರ ಬಂತು. ಕಚೇರಿಯಲ್ಲಿ ಅದೇ ವಾರ ತಪಾಸಣೆ, ರಜೆ ಸಿಗುವಂತಿರಲಿಲ್ಲ. ಬಾಗಿಲಲ್ಲಿ ಚೀಲ ಹಿಡಿದು ನಿಂತವನನ್ನು ನೋಡಿ ಶಾಂತಕ್ಕ, “ನೀವು ಹೋಗ್ರಿ. ನಾವೇನು ಸತ್ತೇವೇನು ಇಲ್ಲೆ?” ಎಂದು ಗದರಿದಳು. ಸಂಜೆ ಬಂದು ನೋಡಿದರೆ ಚಾಳಿನ ಹೆಂಗಸರು ಪಾಳಿ ಹಚ್ಚಿಕೊಂಡು ನನ್ನ ಮಗಳ ಬಳಿ ಕೂತಿದ್ದರು. ಒಬ್ಬಳು ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದಳು, ಇನ್ನೊಬ್ಬಳು ಗಂಜಿ ತಂದಿದ್ದಳು. ಹೀಗೆ ಮೂರು ದಿನ. ಮೊದಲನೇ ಸಂಜೆ ಅವರೆಲ್ಲ ಹೋದ ಮೇಲೆ ನಾನು ಮಾಡಿದ ಕೆಲಸವನ್ನು ಬರೆಯಲು ನಾಚಿಕೆಯಾಗುತ್ತದೆ. ಕೊಡದ ಮುಚ್ಚಳ ತೆಗೆದು ನೋಡಿದೆ. ನಮ್ಮ ಮನೆಯ ನೀರನ್ನು ಅವರು ಕುಡಿದರೋ ಇಲ್ಲವೋ ಅಂತ. ನೀರು ಕಡಿಮೆಯಾಗಿತ್ತು. ಮಗಳಿಗೆ ಕುಡಿಸಿದ್ದೂ ಇರಬಹುದು. ಕೊಡದ ಮುಂದೆ ಕೂತು ಅತ್ತೆ. ಅವರ ಮೇಲಿನ ಪ್ರೀತಿಗೂ ಅತ್ತೆ, ನನ್ನ ಈ ಹಾಳು ತಪಾಸಣೆಗೂ ಅತ್ತೆ.

ಚಳಿಗಾಲ ಬಂದಾಗ ಸುಜಿಗೆ ಒಂದು ಹೊಸ ಹುಚ್ಚು ಹತ್ತಿತು. ಬೇಸಿಗೆಯಲ್ಲಿ ಮಲ್ಲಿಗೆ ಬಿಡುತ್ತಲೇ ಶಾಂತಕ್ಕ ಅವಳಿಗೆ ಮೊಗ್ಗಿನ ಜಡೆ ಹಾಕುವವಳಿದ್ದಳು. ಜಡೆಯ ಮೇಲಿನಿಂದ ತುದಿಯವರೆಗೆ ಮೊಗ್ಗು ಹೊಲಿದು, ಮದುಮಗಳ ಹಾಗೆ ಅಲಂಕಾರ ಮಾಡಿ, ಹಿಂದೆ ಕನ್ನಡಿ ಇಟ್ಟು ಫೋಟೋ ತೆಗೆಸುವುದು. ತಂಗಿಯರು ಮೂವರಿಗೂ ಹೀಗೇ ಮಾಡಿದ್ದಳಂತೆ, ಮೂರು ಫೋಟೋ ಅವಳ ಗೋಡೆಯ ಮೇಲಿದ್ದವು. “ನಿಂದು ನಾಕನೇದ್ದು” ಎಂದಿದ್ದಳು. ಸುಜಿ ಪ್ರತಿ ಭಾನುವಾರ ಅಮ್ಮನಿಗೆ ಫೋನಿನಲ್ಲಿ ಅದನ್ನೇ ಹೇಳುತ್ತಿದ್ದಳು. “ಅವ್ವಾ, ನೀ ಬ್ಯಾಸಗಿ ಸೂಟಿಗೆ ಬಂದಾಗ ನೋಡ್ತಿ.”

ಫೆಬ್ರವರಿಯ ಒಂದು ಭಾನುವಾರ ಬೆಳಿಗ್ಗೆ ಶಾಂತಕ್ಕ ಸಂತೆಗೆ ಹೋಗಿದ್ದಳು. ನಾನು ನಳದ ನೀರು ಹಿಡಿಯಲು ಕಟ್ಟೆಯ ಮೇಲೆ ಹಾದು ಹೋಗುತ್ತಿದ್ದೆ. ಅವಳ ಬಾಗಿಲಿನ ಹೊರಗೆ, ಗೋಡೆಯ ಗೂಡಿನಲ್ಲಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಒಂದು ಹಣಿಗೆ ಕಂಡಿತು. ಕಟ್ಟಿಗೆಯದು. ಹಿಡಿಗೆ ಹಸಿರು ದಾರ ಸುತ್ತಿತ್ತು. ಪಕ್ಕದಲ್ಲಿ ಸಣ್ಣ ಎಣ್ಣೆ ಶೀಸೆ.

ಒಳಗೆ ಬಂದು ಸುಜಿಯನ್ನು ಕೇಳಿದೆ. “ಶಾಂತಕ್ಕ ನಿನಗ ತನ್ನ ಹಣಗಿಲೆ ತಲಿ ಹಿಕ್ಕಂಗಿಲ್ಲೇನು?”

“ಇಲ್ಲಪ್ಪ. ನಂದು ಬ್ಯಾರೆ ಐತಿ.”

“ಹೊರಗ ಯಾಕಿಟ್ಟಾರ?”

“ಒಳಗ ತರಬಾರದು ಅಂತಾರ.”

ನಮ್ಮೂರಿನ ಚಹಾದಂಗಡಿಯ ಹೊರಗೋಡೆಯಲ್ಲಿ ಇಂಥದೇ ಒಂದು ಗೂಡಿತ್ತು. ಅದರಲ್ಲಿ ನನ್ನಪ್ಪನ ಚಹಾ ಕಪ್ಪು ಇರುತ್ತಿತ್ತು. ಅಪ್ಪ ಬಂದು, ತಾನೇ ತೆಗೆದುಕೊಂಡು, ಮೇಲಿನಿಂದ ಸುರಿದ ಚಹಾ ಕುಡಿದು, ತಾನೇ ತೊಳೆದು ಅದೇ ಗೂಡಿನಲ್ಲಿಡಬೇಕು. ಒಳಗೆ ತರಬಾರದು. ನಾನು ಅವನ ಬೆರಳು ಹಿಡಿದು ನಿಂತು ನೋಡಿದ್ದೇನೆ. ಆ ಕಪ್ಪು ಎಲ್ಲಿಗೂ ಹೋಗಿಲ್ಲ, ಎಂಟು ತಿಂಗಳಿಂದ ನನ್ನ ಮಗಳ ತಲೆಯ ಮೇಲೇ ಆಡುತ್ತಿದೆ ಅನ್ನಿಸಿ ಮೈ ಉರಿದುಹೋಯಿತು.

ಸುಜಿಗೆ ಏನೂ ಹೇಳಲಿಲ್ಲ. ಚಪ್ಪಲಿ ಹಾಕು ಅಂದೆ. ಸೀದಾ ಕ್ಷೌರದಂಗಡಿಗೆ ಕರೆದುಕೊಂಡು ಹೋದೆ. ಕುರ್ಚಿಯ ಕೈಗಳ ಮೇಲೆ ಹಲಗೆ ಹಾಕಿ ಅವಳನ್ನು ಕೂಡಿಸಿದರು. ಕ್ಷೌರದವನು ಜಡೆಯನ್ನು ಕೈಯಲ್ಲಿ ಎತ್ತಿ ಹಿಡಿದು, “ಸಾಹೇಬ್ರ, ಇನ್ನೊಮ್ಮೆ ವಿಚಾರ ಮಾಡ್ರಿ” ಅಂದ. ನಾನು ಕಿವಿಯ ಕೆಳಗೆ ಬೆರಳಿಟ್ಟು ಅಳತೆ ತೋರಿಸಿದೆ.

ಕತ್ತರಿ ಒಂದು ಕಡೆ ಆಡಿದ ಮೇಲೆ ಸುಜಿ ಕನ್ನಡಿಯಲ್ಲಿ ನನ್ನನ್ನು ನೋಡಿ ಕೇಳಿದಳು. “ಅಪ್ಪಾ, ಮೊಗ್ಗಿನ ಜಡಿಗೆ ಸಾಲ್ತಾವೇನು?”

“ಬೆಳೀತಾವ” ಅಂದೆ.

ಅವಳು ಅಳಲಿಲ್ಲ. ದಾರಿಯುದ್ದಕ್ಕೂ ಕುತ್ತಿಗೆಯನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತ ಬಂದಳು. ಮನೆಯ ಹತ್ತಿರ ಬಂದಾಗ, “ನಾಳಿ ಶಾಂತಕ್ಕಗ ಏನ್ ಹೇಳೂದು?” ಅಂತ ಕೇಳಿದಳು. ನಾನು ಬಾಗಿಲಿನ ಬೀಗ ತೆಗೆದು ಒಳಗೆ ಹೋದೆ. ಅವಳಿಗಾಗಿ ಮಾಡಿದೆ ಎಂದೇ ನಾನು ನಂಬಿದ್ದೆ.

ಮರುದಿನ ಎಂಟಕ್ಕೆ ರೂಢಿಯ ಬಲದಿಂದ ಸುಜಿ ಹೋಗಿ ಕಟ್ಟೆಯ ಮೇಲೆ ಬೆನ್ನು ಹಾಕಿ ಕೂತಳು. ಶಾಂತಕ್ಕ ಗೂಡಿನಿಂದ ಹಣಿಗೆ ತೆಗೆದುಕೊಂಡು ತಿರುಗಿದವಳು ಹಾಗೇ ನಿಂತಳು. ನಾನು ಕಿಟಕಿಯಿಂದ ನೋಡುತ್ತಿದ್ದೆ. ತಡೆಯಲಾಗದೆ ಹೊರಗೆ ಬಂದೆ.

“ಹೇನು ಆಗಿದ್ವೇನ್ರಿ?” ಎಂದಳು. ದನಿ ಬಹಳ ಸಣ್ಣದಾಗಿತ್ತು.

“ಇಲ್ಲ. ಇನ್ನ ಮ್ಯಾಲೆ ನಿಮಗ ತ್ರಾಸ ಬ್ಯಾಡಂತ. ಬ್ಯಾರೆ ಹಣಗಿ ಇಡೂ ತ್ರಾಸ, ಹೊರಗ ಇಡೂ ತ್ರಾಸ.”

ಅವಳಿಗೆ ಮೊದಲು ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಅದು ತಿಳಿಯುವಾಗ ಅವಳ ಮುಖ ಆದ ರೀತಿಯನ್ನು ನಾನು ಇವತ್ತಿಗೂ ಮರೆತಿಲ್ಲ.

“ಒಳಗ ಗಿರಾಕಿ ರೇಷ್ಮಿ ಸೀರಿ ಹರವಿರ್ತೇನ್ರಿ” ಎಂದಳು. “ಎಣ್ಣಿ ಕೈ ಒಂದೀಟು ಹತ್ತಿತಂದ್ರ ಸೀರಿ ಕೆಟ್ಟಂಗ. ಅದಕ್ಕ ಹಣಗಿ, ಎಣ್ಣಿ ಎಲ್ಲಾ ಹೊರಗ. ನಂದೂ ಅಲ್ಲೇ ಐತಿ, ಕೆಳಗಿನ ಗೂಡಿನ್ಯಾಗ. ಬಗ್ಗಿ ನೋಡ್ರಿ.”

ನಾನು ನಿಂತೇ ಇದ್ದೆ.

“ಬಗ್ಗಿ ನೋಡ್ರಿ ಅಂದ್ನೆಲ್ಲಾ!”

ಬಗ್ಗಿದೆ. ಮೇಲಿನ ಗೂಡಿನ ಕೆಳಗೆ, ಮೊಣಕಾಲಿನ ಎತ್ತರಕ್ಕೆ ಇನ್ನೊಂದು ಗೂಡಿತ್ತು. ಅದರಲ್ಲಿ ಎರಡು ಹಲ್ಲು ಮುರಿದ ಕರಿ ಹಣಿಗೆ, ಹಿಡಿಗೆ ಕೆಂಪು ದಾರ, ಪಕ್ಕದಲ್ಲಿ ಇನ್ನೊಂದು ಎಣ್ಣೆ ಶೀಸೆ.

“ನಮ್ಮ ಮನ್ಯಾಗ ನಾಕು ಮಂದಿ ಹೆಣ್ಮಕ್ಕಳು, ನಾಕು ಹಣಗಿ. ಒಬ್ರದ ಇನ್ನೊಬ್ರು ಮುಟ್ಟಿದ್ರ ಅವ್ವ ಹೊಡೀತಿದ್ಲು, ಹೇನು ಹತ್ತಾವಂತ. ಗುರುತಿಗೆ ದಾರ. ಹಸರು ನಮ್ಮ ಸಣ್ಣಕಿದು. ಅದನ್ನ ಇಕಿಗೆ ಕೊಟ್ಟೆ.” ಹಣಿಗೆಯ ದಾರವನ್ನು ಬೆರಳಿನಿಂದ ತಿಕ್ಕುತ್ತ ಹೇಳಿದಳು. “ಖರೇ ಹೇಳ್ತೇನಿ. ನಿಮ್ಮ ಗ್ವಾಡಿ ಮ್ಯಾಲಿನ ಬುದ್ಧನ ಫೋಟೋ ಮೊದಲನೇ ದಿನಾನ ನೋಡಿದ್ದೆ. ಒಂದೀಟು ಕಸಿವಿಸಿ ಆತು, ಸುಳ್ಳ ಯಾಕ ಹೇಳ್ಲಿ? ಆಮ್ಯಾಲ ಈ ಕೂಸಿನ ತಲಿ ಮ್ಯಾಲ ಕೈ ಇಟ್ಟೆ. ಅಷ್ಟಕ್ಕ ಮುಗೀತು.”

ಶಾಂತಕ್ಕ ಹಣಿಗೆಯನ್ನು ಚೀಲದಲ್ಲಿ ಸುತ್ತಿ ಗೂಡಿನಲ್ಲಿಟ್ಟಳು.

“ಸಿಟ್ಟು ನನ್ನ ಮ್ಯಾಲಿತ್ತು” ಎಂದಳು. “ಕತ್ತರಿ ಆಕಿ ತಲಿ ಮ್ಯಾಲ ಯಾಕ ಆಡಿಸಿದ್ರಿ?”

ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಆ ಚಾಳಿನಲ್ಲಿ ಹಗಲು ಹೊತ್ತು ಬಾಗಿಲು ಹಾಕಿಕೊಳ್ಳುತ್ತಿದ್ದವನು ಅಲ್ಲಿಯವರೆಗೆ ನಾನೊಬ್ಬನೇ.

ನೂರು ಕಡೆ ನನ್ನ ಅನುಮಾನ ನಿಜವೇ ಆಗಿರುತ್ತಿತ್ತು. ಅದನ್ನು ನಾನು ಇವತ್ತಿಗೂ ಬಿಟ್ಟುಕೊಡುವುದಿಲ್ಲ. ಆದರೆ ನನಗೆ ಬೇಕಾಗಿದ್ದದ್ದು ನೂರು ಕಡೆಯಲ್ಲ, ಆ ಒಂದು ಕಟ್ಟೆ.

ಅವತ್ತು ಸಂಜೆ ಸುಜಿ ಕೇಳಿದಳು. “ಅಪ್ಪಾ, ಬ್ಯಾರೆ ಹಣಗಿ ಇಟ್ರ ಏನಾಕ್ಕೇತಿ?” ಹೇಳಲೇಬೇಕಾಯಿತು. ಅಜ್ಜನ ಕಪ್ಪು, ಚಹಾದಂಗಡಿಯ ಗೂಡು, ಊರ ಹೊರಗಿನ ಕೇರಿ. ಇದೆಲ್ಲ ಅವಳ ಕಿವಿಗೆ ಆದಷ್ಟು ತಡವಾಗಿ ಬೀಳಲಿ ಎಂದು ಬೌದ್ಧ ಹೆಸರಿಟ್ಟು, ಊರು ಬಿಟ್ಟು, ಮಾಳಮಡ್ಡಿಯಲ್ಲಿ ಮನೆ ಹುಡುಕಿದ್ದೆ. ಊರು ಹೇಳಿಕೊಡುವ ಮೊದಲು ನಾನೇ ಹೇಳಿಕೊಟ್ಟೆ. ಅವಳು ಎಲ್ಲ ಕೇಳಿಸಿಕೊಂಡು, “ಆದ್ರ ಶಾಂತಕ್ಕ ಹಂಗಲ್ಲಲ್ಲ” ಎಂದಳು. ಮತ್ತೆ ಕುತ್ತಿಗೆ ಮುಟ್ಟಿ ನೋಡಿಕೊಂಡಳು.

ಕ್ಷಮೆ ಕೇಳಬೇಕೆಂದು ಎಷ್ಟೋ ಸಲ ಶಾಂತಕ್ಕನ ಬಾಗಿಲವರೆಗೆ ಹೋಗಿದ್ದೇನೆ. ಒಳಗೆ ಅವಳು ಬಾಯಲ್ಲಿ ದಾರ ಕಚ್ಚಿಕೊಂಡು ಸೀರೆಯ ಅಂಚಿಗೆ ಬಗ್ಗಿರುತ್ತಿದ್ದಳು. ಯಾರ ಬಾಗಿಲ ಮುಂದೂ ನಿಂದರಬ್ಯಾಡ ಎಂದ ಅಪ್ಪನ ಮಾತು ಕಾಲು ಹಿಡಿದು ಎಳೆಯುತ್ತಿತ್ತು. ವಾಪಸ್ ಬರುತ್ತಿದ್ದೆ. ಸುಜಿಗೆ ಈಗ ಹೊರಗೆ ಹೋಗಿ ಕೂಡಲು ನೆಪವೇ ಉಳಿದಿರಲಿಲ್ಲ, ತಾನೇ ಎರಡು ಸಲ ಹಣಿಗೆ ಆಡಿಸಿಕೊಂಡು ಶಾಲೆಗೆ ಹೋಗುತ್ತಿದ್ದಳು. ಬೆಳಿಗ್ಗೆ ಎಂಟಕ್ಕೆ ಕಟ್ಟೆ ಖಾಲಿ ಇರುತ್ತಿತ್ತು. ಕೆಲವು ದಿನ ಶಾಂತಕ್ಕ ಆ ಹೊತ್ತಿಗೆ ಬಂದು ಸುಮ್ಮನೆ ಕೂತು ಎದ್ದು ಹೋಗುತ್ತಿದ್ದಳು. ಮಾರ್ಚಿನಲ್ಲಿ ಮಲ್ಲಿಗೆ ಮಾರುವವಳು ಚಾಳಿನ ಮುಂದೆ ಬಂದು ಕೂಗಿದಳು. ಯಾರೂ ಅವಳನ್ನು ನಿಲ್ಲಿಸಲಿಲ್ಲ.

ರೇಖಾ ಬೇಸಿಗೆ ರಜೆಗೆ ಬಂದವಳು ಮಗಳನ್ನು ನೋಡಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. ನನ್ನನ್ನು ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಮೇ ಕೊನೆಗೆ ನಾನು ವರ್ಷವಿಡೀ ಕಾದಿದ್ದ ವರ್ಗದ ಆದೇಶ ಬಂತು. ಯಾದಗಿರಿ. ಸಂಸಾರ ಒಂದಾಗುವ ಸುದ್ದಿ, ಕುಣಿಯಬೇಕಾಗಿತ್ತು. ಮೂವರೂ ತಲೆ ತಗ್ಗಿಸಿ ಸಾಮಾನು ಕಟ್ಟಿದೆವು. ಹೊರಡುವ ದಿನ ಶಾಂತಕ್ಕ ತಂಗಿಯ ಮನೆಗೆಂದು ಸುಳ್ಳಕ್ಕೆ ಹೋಗಿದ್ದಳು. ಬೇಕಂತಲೇ ಹೋದಳೋ, ಕೆಲಸವಿತ್ತೋ ಗೊತ್ತಿಲ್ಲ.

ಹೋದ ತಿಂಗಳು ಆ ಬಸ್ಸಿನಿಂದ ಇಳಿದವನು ಆ ಚಾಳಿನ ಮುಂದೆ ಬಂದು ನಿಂತೆ. ಆರು ಮನೆಗಳಲ್ಲಿ ನಾಲ್ಕಕ್ಕೆ ಬೀಗ. ಶಾಂತಕ್ಕ ಕಟ್ಟೆಯ ಮೇಲೆ ಕೂತಿದ್ದಳು. ಹೊಲಿದು ಹೊಲಿದು ಕಣ್ಣು ಮಂಜಾಗಿದ್ದವು, ನಾನು ಹತ್ತಿರ ಹೋಗಿ ಹೆಸರು ಹೇಳುವವರೆಗೂ ಗುರುತು ಸಿಗಲಿಲ್ಲ.

“ಸುಜಿ ಅಪ್ಪಾರೇನ್ರಿ?” ಎಂದು ಎದ್ದೇಬಿಟ್ಟಳು. “ಬರ್ರಿ, ಬರ್ರಿ. ಆಕಿ ಬಂದಾಳೇನು?”

“ಇಲ್ರಿ. ಕಲಬುರಗಿಯಾಗ ಓದಾಕತ್ತಾಳ.” ಒಂಬತ್ತು ವರ್ಷ ಗಂಟಲಲ್ಲಿ ಇಟ್ಟುಕೊಂಡಿದ್ದನ್ನು ಅಲ್ಲೇ, ಅವಳ ಬಾಗಿಲ ಮುಂದೆ ನಿಂತೇ ಹೇಳಿದೆ. “ಅವತ್ತು ನಂದು ತಪ್ಪಾತ್ರಿ, ಶಾಂತಕ್ಕ.”

“ಅಯ್ಯ, ಆಗಿ ಹೋತು, ಬಿಡ್ರಿ ಅದನ್ನ.” ಅವಳು ಕೈ ಝಾಡಿಸಿದಳು. ಆಮೇಲೆ ಮುಖ ಮುಂದೆ ಚಾಚಿ ಕೇಳಿದಳು. “ಅದಿರ್ಲಿ, ಕೂದಲ ಎಷ್ಟುದ್ದ ಬೆಳದಾವ್ರಿ ಆಕಿದು?”

ನನ್ನ ಕಿಸೆಯಲ್ಲಿ ಫೋನಿತ್ತು. ಅದರಲ್ಲಿ ಸುಜಿಯ ಫೋಟೋಗಳಿದ್ದವು. ಅವತ್ತಿನ ನಂತರ ಸುಜಿ ಕೂದಲನ್ನು ಕಿವಿಯಿಂದ ಕೆಳಗೆ ಇಳಿಯಲು ಬಿಟ್ಟಿಲ್ಲ. ರೇಖಾ ಬೇಡಿಕೊಂಡಿದ್ದಾಳೆ, ನಾನು ಬೇಡಿಕೊಂಡಿದ್ದೇನೆ. ತಲೆಗೆ ಅಮ್ಮನ ಕೈಯನ್ನೂ ಹಚ್ಚಗೊಡುವುದಿಲ್ಲ.

“ಸೊಂಟದ ತನಕ” ಅಂದೆ.

“ಹೌದಾ!” ಶಾಂತಕ್ಕ ಹಿಗ್ಗಿಬಿಟ್ಟಳು. ಗೋಡೆ ತಡವಿ ಗೂಡಿನಲ್ಲಿ ಕೈ ಹಾಕಿ ಪ್ಲಾಸ್ಟಿಕ್ ಚೀಲ ತೆಗೆದಳು. “ಆಕಿ ಹಣಗಿ ಆಕಿ ಒಯ್ಯಲೇ ಇಲ್ಲ. ತಗೋರಿ. ಮತ್ತ ಬ್ಯಾಸಗ್ಯಾಗ ಕರ್ಕೊಂಡು ಬರ್ರಿ. ಸೊಂಟದ ತನಕ ಅಂದ್ರ ಭಾಳ ಮೊಗ್ಗು ಹಿಡೀತಾವ. ಕಣ್ಣು ಕಾಣದಿದ್ರೂ ಚಿಂತಿಲ್ಲ, ಕೈಗೆ ಗೊತ್ತೈತಿ.”

“ಹೂನ್ರಿ” ಅಂದೆ. ಫೋಟೋ ತೋರಿಸ್ರಿ ಎಂದು ಅವಳು ಕೇಳುವ ಮೊದಲೇ ಫೋನಿನ ಚಾರ್ಜ್ ಹೋಗಿದೆ ಎಂದು ಹೇಳಿ ಹೊರಟೆ.

ಬಸ್ಸು ಮತ್ತೆ ರಾಯಾಪುರದ ಹತ್ತಿರ ಬಂದಾಗ ಸುಜಿಗೆ ಫೋನ್ ಮಾಡಿದೆ. ಶಾಂತಕ್ಕನ ಮನೆಗೆ ಹೋಗಿದ್ದೆ, ನಿನ್ನ ಹಣಿಗೆ ಕೊಟ್ಟಿದ್ದಾಳೆ ಎಂದೆ. ಹಸಿರು ದಾರ ಹಾಗೇ ಇದೆ ಎಂದೆ. ಆ ಕಡೆ ಹಾಸ್ಟೆಲ್ಲಿನ ಹುಡುಗಿಯರ ಗಲಾಟೆ ಮಾತ್ರ ಕೇಳುತ್ತಿತ್ತು.

“ನನ್ನ ಕೂದಲ ಕೇಳಿದ್ರೇನು?”

“ಕೇಳಿದ್ರು.”

“ನೀ ಏನಂದಿ?”

“ಸೊಂಟದ ತನಕ ಬೆಳದಾವ ಅಂದೆ.”

ಬಸ್ಸು ನಿಂತು, ಜನ ಇಳಿದು, ಮತ್ತೆ ಹೊರಟಿತು.

“ಛಲೋ ಮಾಡಿದಿ” ಎಂದು ಫೋನ್ ಇಟ್ಟಳು.